ಮೇಲಕ್ಕೆ ಬೀಸಿದ ಗಾಳಿ

ಇಸ್ತ್ರಿ ಅಂಗಡಿಯ ಯಜಮಾನರು ನಮ್ಮ ಅತ್ತೆಗೆ ಹಾಕಿದ ಷರತ್ತು ಒಂದೇ ಒಂದು. ಅವರ ಉದ್ದನೆಯ ಹಜಾರದಲ್ಲಿ ಮೋಟಾರು ಸುಟ್ಟು ಸುಮ್ಮನೆ ನೇತಾಡುತ್ತಿದ್ದ ಆರು ಫ್ಯಾನುಗಳಿಗೆ ಅವಳು ಹೊಸ ತಂತಿ ಸುತ್ತಿಕೊಡಬೇಕು. ಕೆಲಸ ಸರಿಯಾದರೆ ಅದೇ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯನ್ನು ಅವಳ ರಿಪೇರಿ ಅಂಗಡಿಗೆ ಬಾಡಿಗೆಗೆ ಕೊಡುತ್ತಾರೆ. ಆಗದಿದ್ದರೆ ಇಲ್ಲ. ಅದೇ ಕೋಣೆ ಕೇಳಿಕೊಂಡು ಬೀಗ ರಿಪೇರಿಯವನೊಬ್ಬ ಆಗಲೇ ಎರಡು ಸಲ ಬಂದುಹೋಗಿದ್ದ.

ಆ ಕೋಣೆ ಸಿಗದಿದ್ದರೆ ಅತ್ತೆಯ ಗತಿಯೇನು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಎಂದರೆ ಮೂರು ಜನ: ಅಮ್ಮ, ಅತ್ತೆ, ನಾನು. ಅತ್ತೆ ಅಪ್ಪನ ತಂಗಿ. ಅವಳ ಗಂಡ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದವನು ಇನ್ನೂ ಹುಡುಕುತ್ತಲೇ ಇದ್ದಾನೆ. ಹದಿನಾಲ್ಕು ವರ್ಷ ಅವಳು ಐದು ಮಹಡಿಯ ಒಂದು ಕಚೇರಿಯ ನೆಲವನ್ನು ಮಂಡಿಯೂರಿ ಒರೆಸಿದಳು. ಈಗ ಆ ಮಂಡಿಗಳು ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಕೂತಲ್ಲೇ ಮಾಡುವ ಕೆಲಸ ಸಿಕ್ಕರೆ ಉಂಟು, ಇಲ್ಲದಿದ್ದರೆ ಮತ್ತೆ ಅದೇ ಬಕೆಟ್ಟು, ಅದೇ ನೆಲ. ಅಮ್ಮ ಮನೆಯಲ್ಲಿ ಲಕೋಟೆ ಅಂಟಿಸುತ್ತಾಳೆ. ನಾನು ಪದವಿ ಮುಗಿಸಿದ್ದೆ. ಎರಡು ಸಂದರ್ಶನಗಳಿಗೆ ಹೋಗಿ, ಎರಡರಲ್ಲೂ ಹೆಸರು ಹೇಳುವ ಹೊತ್ತಿಗೇ ಧ್ವನಿ ಹೊರಡದೆ, ವಾಪಸು ಬಂದು ಡೈರಿ ಬರೆಯುತ್ತಿದ್ದೆ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುವುದು ಅಮ್ಮನ ಮೆಚ್ಚಿನ ಗಾದೆ. ನನ್ನ ಕಡೆ ನೋಡಿಕೊಂಡೇ ಹೇಳುತ್ತಿದ್ದಳು.

ಪಕ್ಕದ ಬೀದಿಯ ಮಹಿಳಾ ತರಬೇತಿ ಕೇಂದ್ರದಲ್ಲಿ ಹೊಲಿಗೆಗೂ ಸೇರಬಹುದಿತ್ತು. ಅತ್ತೆ ಒಪ್ಪಲಿಲ್ಲ. ಹೊಲಿಯುವವರು ಬೀದಿಗೆ ನಾಲ್ಕು ಜನ ಇದ್ದಾರೆ, ಹರಿಯುವ ಬಟ್ಟೆ ಅಷ್ಟಿಲ್ಲ ಎಂದಳು. ಮೋಟಾರ್ ವೈಂಡಿಂಗ್ ಅನ್ನುವ ಮೂರು ತಿಂಗಳ ತರಗತಿಗೆ ಅತ್ತೆಯೂ ಒಳಗೊಂಡು ಹನ್ನೊಂದು ಹೆಂಗಸರಷ್ಟೇ ಸೇರಿದ್ದರು. ಅತ್ತೆಗೆ ಓದು ಬರಹ ಬಾರದು. ಅವಳ ಬದಲು ಬರೆದುಕೊಳ್ಳಲು ನನ್ನನ್ನೂ ಕೂರಿಸಿಕೊಂಡರು.

ಆ ಮೂರು ತಿಂಗಳು ನನಗೆ ಇಷ್ಟವಾದದ್ದಕ್ಕೆ ಕಾರಣವಿದೆ. ಸುಟ್ಟ ಮೋಟಾರಿನಿಂದ ಕರಕಲಾದ ಹಳೇ ತಂತಿಯನ್ನು ಕತ್ತರಿಸಿ ತೆಗೆದು, ತಂತಿ ಕೂರುವ ಸೀಳುಗಳಿಗೆ ಕಾಗದದ ಒಳಪದರ ಕೂರಿಸಿ, ಕೂದಲೆಳೆಯಂಥ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತಬೇಕು. ಒಂದು ಸುತ್ತು ಹೆಚ್ಚಾಗುವಂತಿಲ್ಲ, ಕಡಿಮೆಯಾಗುವಂತಿಲ್ಲ. ಸುತ್ತುವವಳ ಹತ್ತಿರ ಯಾರೂ ಮಾತಾಡಬಾರದು. ಹನ್ನೆರಡು ಹೆಂಗಸರು ಇರುವ ಕೋಣೆಯಲ್ಲಿ ಮಾತೇ ಇಲ್ಲ! ನನಗೆ ಅಂಥ ಜಾಗ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ನನ್ನ ಅಕ್ಷರ ದುಂಡಗಿತ್ತು, ಚಿತ್ರ ಅಚ್ಚುಕಟ್ಟಾಗಿತ್ತು. ಸಂಜೆಯಾದರೆ ಉಳಿದ ಹತ್ತು ಜನರೂ ನನ್ನ ಪುಸ್ತಕ ತೆಗೆದುಕೊಂಡು ನೋಡಿ ಬರೆದುಕೊಳ್ಳುತ್ತಿದ್ದರು. ಇಷ್ಟು ಓದಿದವಳು ಬರೆದದ್ದು ತಪ್ಪಿರುತ್ತದೆಯೇ ಎನ್ನುತ್ತಿದ್ದರು.

ಕೊನೆಯ ವಾರ ಮೇಷ್ಟ್ರು ಒಂದು ಬರೀ ಮೋಟಾರನ್ನು ಮೇಜಿನ ಮೇಲೆ ನಿಲ್ಲಿಸಿ ಕರೆಂಟು ಕೊಟ್ಟರು. ರೆಕ್ಕೆ ಹಾಕಿರಲಿಲ್ಲ, ಬೆರಳಿಗೆ ಅಪಾಯ ಎಂದು. ಅದು ತಿರುಗತೊಡಗಿದಾಗ, ನೋಡ್ರಮ್ಮಾ ಬಲಕ್ಕೆ ತಿರುಗಬೇಕು, ಎಡಕ್ಕೆ ತಿರುಗಿದರೆ ಈ ಎರಡು ತುದಿ ಅದಲು ಬದಲು ಮಾಡಿ ಬೆಸುಗೆ ಹಾಕಿ, ಅಷ್ಟೇ ಎಂದರು. ಬಲಕ್ಕೆ ಎಂದರೆ ಎಲ್ಲಿಂದ ನೋಡಿದಾಗ ಎಂದು ಕೇಳಬೇಕೆನಿಸಿತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಎಲ್ಲರೂ ತಿರುಗಿ ನನ್ನನ್ನು ನೋಡುವುದನ್ನು ನೆನೆಸಿಕೊಂಡೆ, ನುಂಗಿದೆ. ಪುಸ್ತಕದಲ್ಲಿ ನನಗೆ ಗೊತ್ತಿದ್ದ ಫ್ಯಾನನ್ನೇ ಬರೆದೆ: ಚಾಪೆಯ ಮೇಲೆ ಅಂಗಾತ ಮಲಗಿದವರಿಗೆ ಕಾಣುವಂತೆ, ಮೂರು ರೆಕ್ಕೆ, ನಡುವೆ ಬಟ್ಟಲು. ಸುತ್ತ ಬಲಕ್ಕೆ ಒಂದು ಬಾಣದ ಗುರುತು ಹಾಕಿ, ಅದರ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿದೆ. ಆ ಸಂಜೆ ಹತ್ತು ಪುಸ್ತಕಗಳಲ್ಲಿ ಹತ್ತು ಬಾಣಗಳು ಮೂಡಿದವು.

ಇಸ್ತ್ರಿ ಅಂಗಡಿಯ ಆರು ಮೋಟಾರುಗಳು ನಮ್ಮ ಮನೆಗೆ ಬಂದ ಮೇಲೆ ಅಮ್ಮನ ಪಾಡು ನೋಡುವಂತಿರಲಿಲ್ಲ. ಅತ್ತೆ ಸುತ್ತುವಾಗ ಮಾತಾಡುವಂತಿಲ್ಲವಲ್ಲ. ಅಂಟಿನ ಬಟ್ಟಲು ಎಲ್ಲಿ ಎಂದು ಕೇಳುವುದಕ್ಕೂ ಅವಳು ಕೈಸನ್ನೆ ಮಾಡಬೇಕಿತ್ತು. ಎಣಿಕೆ ಮುಗಿದ ಕೂಡಲೇ ಕಟ್ಟೆ ಒಡೆದ ಹಾಗೆ ಶುರುಮಾಡುತ್ತಿದ್ದಳು. ನಾದಿನಿ ಬಂದು ಅತ್ತಿಗೆಯ ಬಾಯಿ ಕಟ್ಟಿದ ಮನೆ ಲೋಕದಲ್ಲಿ ಇದೊಂದೇ ಇರಬೇಕು ಎನ್ನುತ್ತಿದ್ದಳು. ಅತ್ತೆ ನಗುತ್ತಿರಲಿಲ್ಲ. ನಕ್ಕರೆ ಕೈ ಅಲುಗುತ್ತದೆ. ಎರಡು ವಾರದಲ್ಲಿ ಆರೂ ಮುಗಿದು, ವಾರ್ನಿಷ್ ಕುಡಿದು, ಕಿಟಕಿಯ ಬಿಸಿಲಿನಲ್ಲಿ ಸಾಲಾಗಿ ಒಣಗಿದವು. ಒಂದೊಂದನ್ನೂ ನನ್ನ ಚಿತ್ರದಲ್ಲಿದ್ದಂತೆಯೇ ಬಟ್ಟಲು ಮೇಲೆ ಬರುವ ಹಾಗೆ ಮಲಗಿಸಿ ಕರೆಂಟು ಕೊಟ್ಟು ನೋಡಿದೆವು. ತಪ್ಪು ಕಡೆಗೆ ತಿರುಗಿದ ಎರಡಕ್ಕೆ ಅತ್ತೆ ತುದಿ ಬದಲಾಯಿಸಿದಳು. ಆರೂ ಬಲಕ್ಕೆ ತಿರುಗಿದವು.

ಫ್ಯಾನು ಕಟ್ಟಲು ಏಣಿ ಹತ್ತುವವಳು ನಾನೇ. ಅತ್ತೆ ಕೆಳಗೆ ಸ್ಟೂಲಿನ ಮೇಲೆ ಕೂತು ಯಾವ ತಂತಿ ಎಲ್ಲಿಗೆ ಎಂದು ಹೇಳುತ್ತಿದ್ದಳು. ಇಸ್ತ್ರಿ ಹಜಾರದಲ್ಲಿ ಎಂಟು ಮೇಜುಗಳು, ಎಂಟು ಹೆಂಗಸರು, ಇಸ್ತ್ರಿಪೆಟ್ಟಿಗೆಗಳಿಂದ ಏಳುವ ಆವಿ. ಸಂಜೆಯ ಹೊತ್ತು, ಹೊರಗೆ ಮೋಡ ಕವಿದು ತಂಪಾಗಿತ್ತು. ಒಂದೊಂದೇ ಫ್ಯಾನು ತಿರುಗಿದಾಗ ಹೆಂಗಸರು ಕೆಲಸ ನಿಲ್ಲಿಸಿ ಮೇಲೆ ನೋಡಿದರು. ಅವರಲ್ಲಿ ಹಿರಿಯವಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಶಬ್ದವೇ ಇಲ್ಲ, ಹಿಂದಿನವನು ಮಾಡಿದ ಫ್ಯಾನು ಗೊರಕೆ ಹೊಡೆಯುತ್ತಿತ್ತು ಎಂದು ಅವಳು ಹೊಗಳಿದಳು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಹಜಾರದ ಉದ್ದಕ್ಕೂ ಒಂದು ಸಲ ನಡೆದು ಬಂದರು.

“ನಾಳೆ ಬೆಳಗ್ಗೆ ಬಂದು ಕೀಲಿ ತಗೊಂಡು ಹೋಗಮ್ಮ,” ಅಂದರು ಅತ್ತೆಗೆ.

ಅತ್ತೆಯ ಮುಖವನ್ನು ನಾನು ಮೇಲಿನಿಂದ ನೋಡಿದೆ. ಕೊನೆಯ ಫ್ಯಾನಿನ ಚಾವಣಿ ಕಡೆಯ ಬಟ್ಟಲು ಬಿಗಿಯುತ್ತ ಇನ್ನೂ ಏಣಿಯ ಮೇಲಿದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟು ಹೊತ್ತಿಗೆ ನನ್ನ ಕಣ್ಣು ಪಕ್ಕದ ಫ್ಯಾನಿನ ಮೇಲೆ ಬಿತ್ತು. ಏಣಿಯ ತುದಿಯಲ್ಲಿದ್ದ ನನಗೆ ಅದರ ಬೆನ್ನು ಕಾಣುತ್ತಿತ್ತು. ಯಾರೋ ವೇಗ ಕಡಿಮೆ ಮಾಡಿದ್ದರು. ಅದು ನಿಧಾನವಾಗಿ, ಸ್ಪಷ್ಟವಾಗಿ, ಎಡಕ್ಕೆ ತಿರುಗುತ್ತಿತ್ತು.

ಮೇಷ್ಟ್ರು ನಿಂತುಕೊಂಡು ಮೋಟಾರಿನ ಬೆನ್ನು ನೋಡಿದ್ದರು. ನಾನು ಮಲಗಿಕೊಂಡು ಹೊಟ್ಟೆ ನೋಡಿದ್ದೆ.

ಕೆಳಗಿಳಿದವಳು ಅಂಗಿ ಮಡಿಸುವ ಮೇಜಿನಿಂದ ಒಂದು ತೆಳು ಕಾಗದ ತೆಗೆದು ಫ್ಯಾನಿನ ಕೆಳಗೆ ಹಿಡಿದೆ. ಅದು ಕೆಳಕ್ಕೆ ಬಾಗಲಿಲ್ಲ. ತುದಿಯೆತ್ತಿ, ಮೆಲ್ಲಗೆ, ಮೇಲಕ್ಕೆ ಹೋಗಲು ನೋಡಿತು. ಆರು ಫ್ಯಾನುಗಳೂ ಗಾಳಿಯನ್ನು ಕೆಳಗಿದ್ದವರಿಗೆ ಕೊಡುವ ಬದಲು ಚಾವಣಿಗೆ ಕೊಡುತ್ತಿದ್ದವು. ತಂಪು ಸಂಜೆಯಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಕಾಗದವನ್ನು ಮಡಿಸಿ ಇಟ್ಟುಬಿಟ್ಟೆ.

ದಾರಿಯುದ್ದಕ್ಕೂ ಅತ್ತೆ ಕೋಣೆಯ ಬಗ್ಗೆ ಹೇಳುತ್ತ ಬಂದಳು. ಕುರ್ಚಿ ಎಲ್ಲಿ, ತಂತಿಯ ಸುರುಳಿಗಳು ಎಲ್ಲಿ, ಬಾಗಿಲ ಮೇಲೆ ಏನು ಬರೆಸುವುದು. ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮನೆಯ ಬಾಗಿಲು ತಲುಪುವವರೆಗೂ ತಡೆದುಕೊಂಡೆ. ಆಮೇಲೆ ಹೇಳಿದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನೋಡಿಯೇ ಬಿಡೋಣ ಎಂದು ಒಳಗೆ ಹೋಗಿ ನಮ್ಮ ಮನೆಯ ಹಳೇ ಫ್ಯಾನನ್ನು ಒಂದನೇ ನಂಬರಿನಲ್ಲಿಟ್ಟು, ನೆಲದ ಮೇಲೆ ಅಂಗಾತ ಮಲಗಿದಳು. ನಾನು ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿದೆ. ಎಡಕ್ಕೆ ಎಂದು ಅವಳು ಕೆಳಗಿನಿಂದ ಹೇಳಿದಳು. ಬಲಕ್ಕೆ ಎಂದು ನಾನು ಮೇಲಿನಿಂದ ಹೇಳಿದೆ.

“ನಿಮ್ಮಿಬ್ಬರಿಗೂ ತಲೆ ತಿರುಗ್ತಿದೆ,” ಎಂದಳು ಅಮ್ಮ ಲಕೋಟೆಗಳ ನಡುವಿನಿಂದ.

ಅತ್ತೆ ಮಲಗಿದಲ್ಲೇ ಬೆರಳೆತ್ತಿ ಫ್ಯಾನಿನ ಜೊತೆ ಸುತ್ತಿಸಿ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಆವತ್ತು ನಿನಗೆ ಅನುಮಾನ ಬಂದಿತ್ತಾ?”

ಹೌದೆಂದು ತಲೆ ಆಡಿಸಿದೆ.

“ನನಗೆ ಬರಲಿಲ್ಲ ಕಣೇ. ಬಂದಿದ್ರೆ ಕೇಳ್ತಿದ್ದೆ. ನನಗೆ ಅಕ್ಷರ ಇಲ್ಲ, ನಾಚಿಕೆನೂ ಇಲ್ಲ. ನಿನಗೆ ಎರಡೂ ಇದೆ.”

ಅಮ್ಮನಿಗೆ ವಿಷಯ ತಿಳಿದಾಗ ಅವಳು ಹೇಳಿದ್ದು ಬೇರೆ. ನಾಳೆ ಬಾಯಿ ಮುಚ್ಚಿಕೊಂಡು ಕೀಲಿ ಈಸಿಕೊಂಡುಬಿಡಿ, ಕೋಣೆಯಲ್ಲಿ ಕೂತ ಮೇಲೆ ಸರ್ವಿಸು ಗಿರ್ವಿಸು ಅಂತ ಹೇಳಿ ಒಂದೊಂದೇ ಸರಿಮಾಡಿಕೊಟ್ಟರಾಯಿತು, ಊರಿಗೆಲ್ಲ ಡಂಗುರ ಹೊಡೆದುಕೊಂಡು ಹೋಗುವುದೇಕೆ ಎಂದಳು. ನನಗೂ ಒಳಗೊಳಗೆ ಅದೇ ಸರಿ ಅನ್ನಿಸಿತು. ಅತ್ತೆ ಗೋಡೆ ಹಿಡಿದುಕೊಂಡು ಎದ್ದಳು. ನಾಳೆ ಬಿಸಿಲು ಬಂದರೆ ಆ ಎಂಟು ಜನ ಬೇಯುತ್ತಾರೆ, ಬೇಯುವವರಿಗೆ ಯಾಕೆಂದು ಗೊತ್ತಾಗದೆ ಇರುವುದಿಲ್ಲ, ಅವರು ಹೇಳುವ ಮೊದಲು ನಾವು ಹೇಳಿದರೆ ಅದು ಬರೀ ತಪ್ಪು, ಅವರು ಹೇಳಿದ ಮೇಲೆ ಒಪ್ಪಿಕೊಂಡರೆ ಅದು ಮೋಸ ಎಂದಳು. ಅಮ್ಮ, ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂದು ಗೊಣಗಿದಳು. ಯಾರನ್ನು ಕುರಿತು ಹೇಳಿದ್ದು ಎಂದು ಗೊತ್ತಾಗಲಿಲ್ಲ.

ಬೆಳಗ್ಗೆ ಯಜಮಾನರು ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡೇ ನಿಂತಿದ್ದರು. ಅತ್ತೆ ಕೈ ಚಾಚಲಿಲ್ಲ. ಫ್ಯಾನು ಉಲ್ಟಾ ತಿರುಗುತ್ತಿದೆ ಎಂದಳು. ಅವರು ಮೇಲೆ ನೋಡಿದರು. ಚೆನ್ನಾಗೇ ತಿರುಗುತ್ತಿದೆಯಲ್ಲ ಎಂದರು. ಅತ್ತೆ ಇನ್ನೊಮ್ಮೆ ಹೇಳಲು ಹೋಗಿ ಮೇಲೆ, ಕೆಳಗೆ, ಎಡ, ಬಲ ಎಲ್ಲವನ್ನೂ ಕಲಸಿಬಿಟ್ಟಳು. ಯಜಮಾನರಿಗೆ ನಗು ಬರತೊಡಗಿತು. ಅವಳು ನನ್ನ ಕಡೆ ತಿರುಗಲಿಲ್ಲ, ಕರೆಯಲೂ ಇಲ್ಲ. ಸುಮ್ಮನೆ ಮಾತು ನಿಲ್ಲಿಸಿದಳು.

ಇಸ್ತ್ರಿಪೆಟ್ಟಿಗೆಗಳೂ ನಿಂತಿದ್ದವು. ಎಂಟು ಜೊತೆ ಕಣ್ಣುಗಳು.

“ತಪ್ಪು ನನ್ನದು,” ಎಂದೆ. ಧ್ವನಿ ಹೊರಗೆ ಬಂತು. “ಬಾಣ ತಪ್ಪಾಗಿ ಬರೆದವಳು ನಾನು. ಅತ್ತೆ ಸುತ್ತಿದ್ದು ಒಂದೆಳೆಯೂ ತಪ್ಪಿಲ್ಲ.” ಮೇಜಿನಿಂದ ಕಾಗದ ತೆಗೆದು ಫ್ಯಾನಿನ ಕೆಳಗೆ ಹಿಡಿದೆ. ಬೆಳಗಿನ ಬಿಸಿಲಿನಲ್ಲಿ ಎಲ್ಲರಿಗೂ ಕಂಡಿತು. ಕಾಗದ ನನ್ನ ಬೆರಳು ಬಿಟ್ಟು ಮೇಲಕ್ಕೇ ಹೊರಟಿತು.

ಹಾಗೆ ನೋಡಿದರೆ ಬೆಳಗ್ಗೆಯಿಂದ ಬೆವರು ಆರಿಯೇ ಇಲ್ಲ ಎಂದಳು ದೊಡ್ಡಮ್ಮ.

ಯಜಮಾನರ ನಗು ನಿಂತಿತು. ಕೀಲಿ ಜೇಬಿಗೆ ಹೋಯಿತು. ಮೊದಲು ಸರಿಮಾಡಿ, ಆಮೇಲೆ ಒಂದು ವಾರ ಬಿಸಿಲಿನಲ್ಲಿ ಓಡಿಸಿ ನೋಡುತ್ತೇನೆ, ಕೋಣೆಯ ಮಾತು ಆಮೇಲೆ ಎಂದರು. ಬೀಗದವನಿಗೆ ಏನು ಹೇಳುತ್ತಾರೆಂದು ಕೇಳುವ ಧೈರ್ಯ ನಮಗಿರಲಿಲ್ಲ.

ಆ ದಿನವಿಡೀ ನಾನು ಏಣಿ ಹತ್ತಿದೆ, ಇಳಿದೆ. ಒಂದು ಫ್ಯಾನು ಬಿಚ್ಚಿ ತಂದರೆ ಅತ್ತೆ ಮೂಲೆಯಲ್ಲಿ ಕೂತು ಹೊಟ್ಟೆ ತೆರೆದು, ಎರಡು ತುದಿ ಹುಡುಕಿ, ಬಿಡಿಸಿ, ಅದಲು ಬದಲು ಬೆಸುಗೆ ಹಾಕಿ, ಕಟ್ಟಿ ಮುಚ್ಚುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೂರು ಫ್ಯಾನು ಕೆಳಕ್ಕೆ ಬೀಸತೊಡಗಿ, ಅವುಗಳ ಕೆಳಗಿನ ಹೆಂಗಸರು ಕಣ್ಣು ಮುಚ್ಚಿ ಮುಖವೊಡ್ಡಿದರು. ಆರನೆಯದರ ಹತ್ತಿರ ಏಣಿ ಇಟ್ಟಾಗ ದೊಡ್ಡಮ್ಮ ಬಂದು ಏಣಿಯ ಕಾಲು ಹಿಡಿದುಕೊಂಡಳು. ಅದು ಅವಳ ಮೇಜು. ಅಲ್ಲಿ ಇಸ್ತ್ರಿಯಾಗುವುದು ಬರೀ ತೆಳು ಬಟ್ಟೆ. ಹಿಂದೆ ಫ್ಯಾನು ಹಾಕಿದರೆ ಬಟ್ಟೆ ಹಾರಿ ಸುಕ್ಕಾಗುತ್ತಿತ್ತು, ಹಾಕದಿದ್ದರೆ ಅವಳು ಬೇಯುತ್ತಿದ್ದಳು. ಇಪ್ಪತ್ತು ವರ್ಷ ಬೆಂದಿದ್ದಳು.

“ನಂದು ಹಿಂಗೇ ಇರಲಿ ಬಿಡಮ್ಮ. ಬಟ್ಟೆ ಹಾರಲ್ಲ, ಆವಿ ಮೇಲಕ್ಕೆ ಹೋಗುತ್ತೆ. ಮುಖಕ್ಕೆ ಹೊಡೆಯಲ್ಲ.”

ಹಾಗೇ ಬಿಟ್ಟುಬಿಡಬಹುದಿತ್ತು. ಅತ್ತೆ ಬೆಸುಗೆ ಕಡ್ಡಿ ಕೆಳಗಿಟ್ಟು ಯೋಚಿಸಿದಳು. ತೆಳು ಬಟ್ಟೆ ಮುಗಿದು ದಪ್ಪ ಬಟ್ಟೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಳು. ದೊಡ್ಡಮ್ಮ, ಆಗ ಕೆಳಕ್ಕೆ ಬೇಕು, ಆಸೆಗೆ ಕೊನೆ ಎಲ್ಲಿದೆ ಎಂದು ನಕ್ಕಳು. ತುದಿ ಬದಲಾಯಿಸಿದರೆ ದಿಕ್ಕು ಬದಲಾಗುತ್ತದೆ ಅನ್ನುವುದಾದರೆ, ಆ ತುದಿಗಳನ್ನು ಹೊಟ್ಟೆಯೊಳಗೆ ಬೆಸೆಯದೆ ಗೋಡೆಯವರೆಗೆ ಎಳೆದು ತಂದರೆ, ಅಲ್ಲೊಂದು ಸ್ವಿಚ್ಚಿನಲ್ಲೇ ಬದಲಾಯಿಸಬಹುದಲ್ಲ ಎಂದು ಅತ್ತೆ ನನ್ನ ಮುಖ ನೋಡಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿರುವವರು ಒಬ್ಬರಿದ್ದರು.

ತರಬೇತಿ ಕೇಂದ್ರಕ್ಕೆ ನಾನೊಬ್ಬಳೇ ಹೋದೆ. ಹೊಸ ತಂಡದ ಹೆಂಗಸರು ತುಂಬಿದ್ದರು, ಮೇಜಿನ ಮೇಲೆ ಅದೇ ಬರೀ ಮೋಟಾರು. ಪಾಠ ಮುಗಿಯುವವರೆಗೂ ಬಾಗಿಲಲ್ಲಿ ನಿಂತಿರೋಣ ಎಂದುಕೊಂಡೆ. ಆದರೆ ಮೇಷ್ಟ್ರು ಕರೆಂಟು ಕೊಟ್ಟು, ನೋಡ್ರಮ್ಮಾ ಬಲಕ್ಕೆ ಎಂದುಬಿಟ್ಟರು.

“ಎಲ್ಲಿಂದ ನೋಡಿದಾಗ, ಸಾರ್?”

ಎಲ್ಲರೂ ತಿರುಗಿ ನೋಡಿದರು. ನಾನು ಅಂದುಕೊಂಡಷ್ಟು ಹೊತ್ತು ಯಾರೂ ನೋಡಲಿಲ್ಲ. ಆಮೇಲೆ ಮೋಟಾರನ್ನೇ ನೋಡಿದರು. ಮೇಷ್ಟ್ರು ಕೂಡ. ಅದನ್ನು ಎತ್ತಿ ತಲೆಕೆಳಗು ಮಾಡಿ ಹಿಡಿದು, ಮತ್ತೆ ನೆಟ್ಟಗೆ ಹಿಡಿದು, ಮತ್ತೆ ತಲೆಕೆಳಗು ಮಾಡಿದರು. ಮೂವತ್ತು ವರ್ಷ ನಿಂತುಕೊಂಡೇ ಪಾಠ ಮಾಡಿದ್ದೇನೆ, ಫ್ಯಾನಿನ ಕೆಳಗೆ ಮಲಗುವವರೂ ಇದ್ದಾರೆ ಅನ್ನುವುದು ಮರೆತೇಹೋಗಿತ್ತು ಎಂದು ಹಣೆ ಚಚ್ಚಿಕೊಂಡರು. ಎರಡೂ ಕಡೆ ಒತ್ತುವ ಸ್ವಿಚ್ಚಿನ ಜೋಡಣೆಯನ್ನು ನನ್ನ ಪುಸ್ತಕದಲ್ಲಿ ಅವರೇ ಬರೆದುಕೊಟ್ಟರು. ನನ್ನ ಹಳೇ ಬಾಣವನ್ನು ಎಡಕ್ಕೆ ತಿದ್ದಿ, ಅದರ ಮಗ್ಗುಲಲ್ಲಿ “ಕೆಳಗಿನಿಂದ” ಎಂದೂ ಬರೆದರು. ಹಳೇ ತಂಡದ ಹತ್ತು ಜನರ ವಿಳಾಸವನ್ನೂ ಕೇಂದ್ರದ ಪುಸ್ತಕದಿಂದ ತೆಗೆದುಕೊಟ್ಟರು. ಒಬ್ಬೊಬ್ಬರಿಗೂ ಒಂದೊಂದು ಕಾಗದ ಬರೆದು, ಅಮ್ಮನ ಲಕೋಟೆಗಳಲ್ಲಿ ಹಾಕಿ ಕಳಿಸಿದೆ. ನನ್ನ ಬಾಣದಿಂದ ಊರ ತುಂಬ ಎಷ್ಟು ಗಾಳಿ ಚಾವಣಿಗೆ ಹೋಗುತ್ತಿದೆಯೋ ಎಂದು ಲೆಕ್ಕ ಹಾಕುತ್ತಿದ್ದೆ.

ದೊಡ್ಡಮ್ಮನ ಮೇಜಿನ ಪಕ್ಕದ ಗೋಡೆಗೆ ಸ್ವಿಚ್ಚು ಕೂತ ದಿನ ಯಜಮಾನರು ಬಂದು ಅದನ್ನೊಮ್ಮೆ ಮೇಲಕ್ಕೆ ಒತ್ತಿದರು, ಫ್ಯಾನು ಪೂರ್ತಿ ನಿಲ್ಲುವವರೆಗೆ ಕಾದು ಕೆಳಕ್ಕೆ ಒತ್ತಿದರು. ಹೀಗೆ ಮೂರು ಸಲ. ಆಮೇಲೆ ಸುತ್ತ ನೋಡಿ, ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾಗಿ, ಕೆಮ್ಮಿ ಹೋದರು. ಕೀಲಿ ಕೊಡಲಿಲ್ಲ. ವಾರವೆಂದರೆ ವಾರ. ಆ ವಾರ ಬಿಸಿಲು ಕೆಂಡದಂತಿತ್ತು. ಏಳನೆಯ ದಿನ ಅತ್ತೆಯನ್ನು ಕರೆಸಿ, ಫ್ಯಾನುಗಳ ಬಗ್ಗೆ ಒಂದೂ ಮಾತಾಡದೆ, ಕೋಣೆಯಲ್ಲಿ ತಮ್ಮ ಮುರಿದ ಎರಡು ಮೇಜುಗಳಿವೆ, ಅವು ಅಲ್ಲೇ ಇರುತ್ತವೆ, ಉಳಿದ ಜಾಗ ನಿನ್ನದು ಎಂದರು. ಅರ್ಧ ಕೋಣೆ. ಅತ್ತೆ ಒಳಗೆ ಹೋಗಿ ನಿಂತಳು, ಒಂದು ಮುರಿದ ಮೇಜಿನ ಕಾಲು ಅಲ್ಲಾಡಿಸಿ ನೋಡಿದಳು. ಮೊಳೆ ಹೊಡೆದರೆ ಇದೇ ನನ್ನ ಕೆಲಸದ ಮೇಜಾಗುತ್ತದೆ, ಇನ್ನೊಂದನ್ನು ಬೇಕಾದರೆ ಬೀಗದವನಿಗೆ ಕೊಡಿ ಎಂದಳು. ಯಜಮಾನರು ಅಂದು ಮೊದಲ ಸಲ ನಿಜವಾಗಿ ನಕ್ಕರು, ಕೀಲಿಯನ್ನು ಆ ಮೇಜಿನ ಮೇಲಿಟ್ಟು ಹೋದರು.

ಕೋಣೆಯ ಚಾವಣಿ ಇಳಿಜಾರು. ಬಾಗಿಲಲ್ಲಿ ನಿಲ್ಲಬಹುದು, ಒಳಗೆ ಹೋದ ಹಾಗೆ ಬಾಗಬೇಕು, ಕೊನೆಯಲ್ಲಿ ಕೂರಲೇಬೇಕು. ಅತ್ತೆಯ ಕುರ್ಚಿ ಅಲ್ಲೇ. ಮೊದಲ ಎರಡು ದಿನ ಯಾರೂ ಬರಲಿಲ್ಲ. ಮೂರನೆಯ ದಿನ ಬೆಳಗ್ಗೆ ನನ್ನ ಕಾಗದ ಕೈಯಲ್ಲಿ ಹಿಡಿದು, ಮನೆಯಲ್ಲಿ ಅಮ್ಮನನ್ನು ದಾರಿ ಕೇಳಿಕೊಂಡು, ಗೋಣಿಚೀಲದಲ್ಲಿ ಮೋಟಾರು ಹೊತ್ತುಕೊಂಡು, ನಮ್ಮ ತಂಡದ ದಪ್ಪಕ್ಕ ಬಂದಳು. ಅವಳ ಹಿಂದೆ ಇನ್ನಿಬ್ಬರು. ಒಬ್ಬಳು ತನ್ನ ಮೊದಲ ಗಿರಾಕಿಯ ಕೈಯಲ್ಲಿ ಬೈಸಿಕೊಂಡಿದ್ದಳು, ಅದರ ಬಡ್ಡಿಯನ್ನೆಲ್ಲ ಸೇರಿಸಿ ನನಗೆ ಬೈದಳು. ತಲೆ ತಗ್ಗಿಸಿ ಕೇಳಿಸಿಕೊಂಡೆ. ದಪ್ಪಕ್ಕನ ಮನೆಯಲ್ಲಿ ಎರಡು ಫ್ಯಾನು ಉಲ್ಟಾ ತಿರುಗುತ್ತಿದ್ದವಂತೆ. ತಂದದ್ದು ಒಂದೇ.

ಇನ್ನೊಂದು ಎಲ್ಲಿ ಎಂದು ಕೇಳಿದೆ.

“ಅದು ನಮ್ಮತ್ತೆ ಕೋಣೇದು,” ಎಂದಳು. “ಗಾಳಿ ಹೊಡೆದ್ರೆ ನೆಗಡಿ ಆಗುತ್ತೆ ಅಂತ ಮೊದಲು ದಿನಾ ಜಗಳ. ಈಗ ಸೊಸೆ ಮಾಡಿದ ಫ್ಯಾನು ಅಂತ ಬಂದವರಿಗೆಲ್ಲ ತೋರಿಸ್ತಾರೆ. ಅದನ್ನ ಮುಟ್ಟಬೇಡಿ.”

ಅತ್ತೆ ನಕ್ಕಳು. ಕೈಯಲ್ಲಿ ತಂತಿ ಇರಲಿಲ್ಲ. ಮೂರೂ ಮೋಟಾರುಗಳನ್ನು ಮೇಜಿನ ಮೇಲೆ ಸಾಲಾಗಿ ಇರಿಸಿಕೊಂಡು, ತುದಿ ಎಲ್ಲಿರುತ್ತದೆಂದು ಅವರಿಗೆ ತೋರಿಸಲು ಶುರುಮಾಡಿದಳು. ಕೋಣೆಯಲ್ಲಿ ಜಾಗ ಸಾಲದೆ ಒಬ್ಬಳು ಹೊರಗೆ ಮೆಟ್ಟಿಲ ಮೇಲೆ ಕೂತು ಕತ್ತು ಚಾಚಿದಳು. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, ಇಲ್ಲಿ ನೀರಿನ ಪಂಪೂ ಮಾಡುತ್ತಾರಾ ಎಂದು ಕೇಳಿದರು. ಯಾರನ್ನು ಕೇಳುತ್ತಿದ್ದಾರೆಂದು ನೋಡಿದೆ. ಬಾಗಿಲಲ್ಲಿದ್ದವಳು ನಾನೇ.

ತನ್ನಿ ನೋಡೋಣ ಎಂದೆ.

“ಬಾಗಿಲು ಬಿಟ್ಟು ಈಚೆ ಬಾರೇ,” ಎಂದಳು ಅತ್ತೆ ಒಳಗಿನಿಂದ. “ಬೆಳಕು ಬರ್ತಿಲ್ಲ.”